ಟ್ಯಾಂಕಿಗೆ ಕಿವಿ ಕೊಟ್ಟ ರೈಟರ್ ಕೂಸಪ್ಪ

ಚೆಟ್ಟಳ್ಳಿಯ ಹತ್ತಿರ ಹೊಸಕೊಲ್ಲಿ ಎಂಬ ಎಸ್ಟೇಟಿನಲ್ಲಿ ಕೂಸಪ್ಪ ಇಪ್ಪತ್ತಾರು ವರ್ಷದಿಂದ ರೈಟರ್. ಬೆಳಿಗ್ಗೆ ಕೂಲಿಯವರ ಲೈನ್‌ಮನೆಗಳ ಮುಂದೆ ನಿಂತು ಹಾಜರಿ ಕೂಗುವುದು, ಯಾರು ಯಾವ ಬ್ಲಾಕಿನಲ್ಲಿ ಹಣ್ಣು ಕೊಯ್ಯಬೇಕೆಂದು ಹೇಳುವುದು, ಸಂಜೆ ಚೀಲ ತೂಗಿ ಬರೆದುಕೊಳ್ಳುವುದು ಅವನ ಕೆಲಸ. ಈ ಕೆಲಸದಲ್ಲಿ ಅವನ ಮೇಲೆ ಒಂದು ಮಾತು ಹೇಳುವವರಿರಲಿಲ್ಲ. ಆದರೆ ಬರುವ ಕೆಲಸದಲ್ಲಿ ಹೊಗಳಿಸಿಕೊಂಡು ತೃಪ್ತಿಪಡುವವರು ಲೋಕದಲ್ಲಿ ಕಡಿಮೆ. ಕೂಸಪ್ಪನಿಗೆ ಎಂಜಿನ್ನಿನ ಮೇಲೆ ಆಸೆ. ಯಾವ ಗಾಡಿಯ ಬಾನೆಟ್ ತೆರೆದಿದ್ದರೂ ಅವನು ಹೋಗಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದ, ಮೆಕ್ಯಾನಿಕ್ ಏನು ಬಿಚ್ಚಿದರೂ ‘ಅದೇ ಅದೇ’ ಎನ್ನುವ ಹಾಗೆ ತಲೆಯಾಡಿಸುತ್ತಿದ್ದ. ಸ್ಪ್ಯಾನರನ್ನು ಮಾತ್ರ ಒಂದು ದಿನವೂ ಮುಟ್ಟಿದವನಲ್ಲ.

ಜನವರಿ ತಿಂಗಳು, ಕೊಯ್ಲಿನ ಗಡಿಬಿಡಿ. ಕೂಸಪ್ಪನ ಹೆಂಡತಿ ಮುದ್ದಮ್ಮನ ಕುಕ್ಕರು ಮೂರು ದಿನದಿಂದ ವಿಶಲ್ ಹಾಕುತ್ತಿರಲಿಲ್ಲ. ಸರಿಮಾಡುವುದು ಹೇಗೆಂದು ಫೋನಿನಲ್ಲಿ ನೋಡಿ ಎಂದು ಅವಳು ಗಂಡನಿಗೆ ಹೇಳಿದಳು. ‘ಕುಕ್ಕರಿನ ವಿಶಲ್’ ಎಂದು ಹುಡುಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕುಕ್ಕರಿನ ಡಬ್ಬಿಯ ಮೇಲೆ ಅದಕ್ಕೆ ‘ಪ್ರೆಶರ್ ರೆಗ್ಯುಲೇಟರ್’ ಎಂದು ಬರೆದಿದ್ದನ್ನು ಓದಿದ್ದ ಕೂಸಪ್ಪ, ಇಪ್ಪತ್ತಾರು ವರ್ಷ ರೈಟರ್ ಆಗಿದ್ದವನ ಘನತೆಗೆ ತಕ್ಕ ಹಾಗೆ ಅದೇ ಮಾತನ್ನು ಹಾಕಿ ಹುಡುಕಿದ. ಫೋನು ಹನ್ನೊಂದು ನಿಮಿಷದ ಒಂದು ವೀಡಿಯೋ ತೋರಿಸಿತು. ಅದರಲ್ಲಿ ಟೋಪಿ ಹಾಕಿದ ಒಬ್ಬ ಮೆಕ್ಯಾನಿಕ್ ಹಿಂದಿಯಲ್ಲಿ ಮಾತಾಡುತ್ತಾ ಒಂದು ಲಾರಿಯ ಹೊಟ್ಟೆಯೊಳಗೆ ಕೈ ಹಾಕಿದ್ದ. ಕುಕ್ಕರು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕೂಸಪ್ಪ ಹನ್ನೊಂದು ನಿಮಿಷವೂ ಕಾದ. ಬರಲಿಲ್ಲ. ಹಿಂದಿಯೂ ಅವನಿಗೆ ಅಷ್ಟಕ್ಕಷ್ಟೆ. ಆದರೆ ಆ ಮನುಷ್ಯ ‘ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್’ ಎಂದು ಇಪ್ಪತ್ತು ಸಲವಾದರೂ ಹೇಳಿದ್ದರಿಂದ, ಆ ಮೂರು ಶಬ್ದ ಕೂಸಪ್ಪನ ಬಾಯಲ್ಲಿ ಅಂಟಿಕೊಂಡುಬಿಟ್ಟಿತು.

ಮಾರನೆಯ ದಿನವೇ ಎಸ್ಟೇಟಿನ ಲಾರಿ ಕೈಕೊಟ್ಟಿತು. ಒಣಗಿದ ಕಾಫಿ ತುಂಬಿಸಿಕೊಂಡು ಕುಶಾಲನಗರದ ಕ್ಯೂರಿಂಗ್ ಕಾರ್ಖಾನೆಗೆ ಹೊರಟಿದ್ದು, ಕಣದಿಂದ ಗೇಟಿಗೆ ಹೋಗುವ ಏರಿನಲ್ಲಿ ಉಸಿರು ಕಟ್ಟಿ ನಿಂತಿತು. ಡ್ರೈವರ್ ಬೀರ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯ ದನಿಯನ್ನೇ ಕುಗ್ಗಿಸಿದ. ಎಸ್ಟೇಟಿನ ಯಜಮಾನರಾದ ಅಶೋಕ್ ಬಂದರು. ಸುಂಟಿಕೊಪ್ಪದಲ್ಲಿ ವರ್ಕ್‌ಶಾಪ್ ಇಟ್ಟಿರುವ ಲಿಖಿತಾ ಎಂಬ ಹುಡುಗಿಗೆ ಫೋನು ಹೋಯಿತು. ಅವಳು ಬೈಕಿನಲ್ಲಿ ಬಂದು ಚೀಲದಿಂದ ಸ್ಕ್ಯಾನರ್ ತೆಗೆಯುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಕೂಸಪ್ಪನ ಜೇಬಿನಿಂದ ಪೆನ್ನು ಜಾರಿ ಲಾರಿಯ ಅಡಿಗೆ ಉರುಳಿತು.

ಅವನು ಮಂಡಿಯೂರಿ ಕೈ ಚಾಚಿದ. ಪೆನ್ನು ಸಿಗಲಿಲ್ಲ. ಇನ್ನಷ್ಟು ಬಾಗಿದ. ಕಿವಿ ಹೋಗಿ ಡೀಸೆಲ್ ಟ್ಯಾಂಕಿಗೆ ಅಂಟಿಕೊಂಡಿತು. ಆ ಭಂಗಿಯಲ್ಲಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ನೆಲ ತಡಕುತ್ತಾ ಅವನು ಒಂದು ನಿಮಿಷ ಇದ್ದಿರಬೇಕು. ಪೆನ್ನು ಸಿಕ್ಕಿ ಎದ್ದು ನೋಡಿದರೆ ಎಲ್ಲರೂ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಾರೆ. ಏನು ಕೂಸಪ್ಪ, ಏನಾಗಿದೆ ಎಂದು ಅಶೋಕ್ ಕೇಳಿದರು. ಪೆನ್ನು ಬಿದ್ದಿತ್ತು ಸಾರ್ ಎಂದರೆ ಮುಗಿಯುತ್ತಿತ್ತು. ಆದರೆ ಯಜಮಾನರು ಅವನನ್ನು ಎಂಜಿನ್ನಿನ ವಿಷಯದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

"ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಹೋಗಿದೆ ಸಾರ್" ಎಂದ ಕೂಸಪ್ಪ.

ಲಿಖಿತಾ ಅವನ ಮುಖ ನೋಡಿದಳು. ಆಮೇಲೆ ತನ್ನ ಕೆಲಸ ಶುರು ಮಾಡಿದಳು. ಫಿಲ್ಟರ್ ಬಿಚ್ಚಿ ನೋಡಿದಳು, ಪೈಪುಗಳ ಜಾಯಿಂಟು ಮುಟ್ಟಿ ನೋಡಿದಳು, ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನ ತುದಿಯನ್ನು ಒಂದು ಬಾಟಲಿಗೆ ಇಟ್ಟು ಸೆಲ್ಫ್ ಹೊಡೆಸಿದಳು. ಬಾಟಲಿ ಕ್ಷಣದಲ್ಲಿ ತುಂಬಿತು. ಆಮೇಲೆ ಅಶೋಕರಿಗೆ ವಿವರಿಸಿದಳು. ಪಂಪು ತಳ್ಳಿದ ಡೀಸೆಲು ಒಂದು ಉಕ್ಕಿನ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ನಿಲ್ಲಬೇಕು, ಹೆಚ್ಚಾಗಿದ್ದನ್ನು ಮಾತ್ರ ಅದರ ತುದಿಯ ಒಂದು ಸಣ್ಣ ಸಾಮಾನು ಟ್ಯಾಂಕಿಗೆ ವಾಪಸ್ ಬಿಡಬೇಕು. ಆ ಸಾಮಾನು ಬಾಯಿ ತೆರೆದುಕೊಂಡೇ ಕೂತಿದೆ, ಎಲ್ಲ ಡೀಸೆಲೂ ವಾಪಸ್ ಹೋಗುತ್ತಿದೆ, ಎಂಜಿನ್ನು ಉಪವಾಸ ಇದೆ. ಆ ಸಾಮಾನಿನ ಹೆಸರು ಹೇಳುವ ಮುಂಚೆ ಅವಳು ಇನ್ನೊಂದು ಸಲ ಕೂಸಪ್ಪನ ಕಡೆ ನೋಡಿದಳು.

"ಫ್ಯೂಯಲ್ ಪ್ರೆಶರ್ ರೆಗ್ಯುಲೇಟರೇ. ಮಾವ ಹೇಳಿದ್ದು ಸರಿ."

ಮಧ್ಯಾಹ್ನ ಮಡಿಕೇರಿಯಿಂದ ಹೊಸದು ಬಂತು, ಹಾಕಿದ್ದಾಯಿತು, ಲಾರಿ ಒಂದೇ ಉಸಿರಿಗೆ ಏರು ಹತ್ತಿತು. ಇದರಲ್ಲಿ ಕೂಸಪ್ಪನಷ್ಟು ಆಶ್ಚರ್ಯಪಟ್ಟವರು ಬೇರೆ ಯಾರೂ ಇರಲಾರರು. ಆದರೆ ಅವನು ಅದನ್ನು ತೋರಿಸಿಕೊಳ್ಳದೆ ಕೈ ಬೆನ್ನ ಹಿಂದೆ ಕಟ್ಟಿ ಹಾಜರಿ ಪುಸ್ತಕದ ಕಡೆ ಹೋದ. ಅದೇ ಅವನಿಗೆ ಮುಳುವಾಯಿತು. ಸಂಜೆಯೊಳಗೆ ಬೀರ ಲೈನ್‌ಮನೆಗಳಲ್ಲೆಲ್ಲ ಸುದ್ದಿ ಹರಡಿದ್ದ. ನಮ್ಮ ರೈಟರಿಗೆ ಮಿಷನ್ ಬೇಡ, ಟ್ಯಾಂಕಿಗೆ ಕಿವಿ ಕೊಟ್ಟರೆ ಸಾಕು, ಡೀಸೆಲು ಅವರ ಹತ್ತಿರ ಮಾತಾಡುತ್ತದೆ.

ವಾರದೊಳಗೆ ಶನಿವಾರಸಂತೆಯ ಶುಂಠಿ ವ್ಯಾಪಾರಿ ಸಿದ್ದಣ್ಣ ತನ್ನ ಮಿನಿ ಲಾರಿ ತಂದು ಗೇಟಿನ ಮುಂದೆ ನಿಲ್ಲಿಸಿದ. ಅವನದು ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಮೂರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ದಾರೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಅರ್ಧ ಗಂಟೆ ಬೇಕು ಎಂದು ಹೇಳಿಕೊಂಡ. ತನಗೇನೂ ಬರುವುದಿಲ್ಲ ಎಂದು ಕೂಸಪ್ಪ ಹೇಳಿಯೇ ಹೇಳಿದ. ತಿಳಿದವರು ಹಾಗೇ ಅನ್ನುವುದು ಎಂದು ಸಿದ್ದಣ್ಣ ಅವನ ತೋಳು ಹಿಡಿದು ಟ್ಯಾಂಕಿನ ಹತ್ತಿರ ಕೂರಿಸಿದ. ಕೂತ ಮೇಲೆ ಕಿವಿ ಕೊಡದೆ ಏಳುವುದು ಅಸಭ್ಯತೆ. ಕಿವಿ ಕೊಟ್ಟ ಮೇಲೆ ಏನಾದರೂ ಹೇಳದೆ ಏಳುವುದು ಇನ್ನೂ ದೊಡ್ಡ ಅಸಭ್ಯತೆ. ಕೂಸಪ್ಪನಿಗೆ ಗೊತ್ತಿದ್ದದ್ದು ಒಂದೇ ರೋಗ. ಅದನ್ನೇ ಹೇಳಿದ, ಲಿಖಿತಾಳ ವರ್ಕ್‌ಶಾಪಿಗೆ ಹೋಗಿ ಎಂದು ಕಳಿಸಿದ. ಸಂಜೆ ಸಿದ್ದಣ್ಣ ಒಂದು ಚೀಲ ಹಸಿಶುಂಠಿ ತಂದು ಕೂಸಪ್ಪನ ಜಗುಲಿಯಲ್ಲಿ ಇಳಿಸಿ, ಗಾಡಿ ಈಗ ಮುಟ್ಟಿದರೆ ಸ್ಟಾರ್ಟು ಎಂದು ಹೇಳಿ ಕೈ ಮುಗಿದು ಹೋದ.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಪಂಚಾಯಿತಿಯ ಕಸದ ಗಾಡಿ ಬಂತು, ಜೊತೆಯಲ್ಲಿ ಪಿಡಿಒ ಅವರೇ ಬಂದು ಮೊದಲು ನಮಸ್ಕಾರ ಹಾಕಿ ಆಮೇಲೆ ಅರ್ಜಿಯ ಧಾಟಿಯಲ್ಲಿ ಗಾಡಿಯ ಕಷ್ಟ ನಿವೇದಿಸಿದರು. ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಜೀಪುಗಳು ಬಂದವು. ಒಂದು ಹಳೆಯ ಟ್ರ್ಯಾಕ್ಟರ್ ಬಂತು. ಆ ಕಾಲದ ಟ್ರ್ಯಾಕ್ಟರಿಗೆ ಅಂಥ ರೆಗ್ಯುಲೇಟರ್ ಇರುವುದೇ ಇಲ್ಲ ಎಂಬುದು ಕೂಸಪ್ಪನಿಗೆ ಗೊತ್ತಿರಲಿಲ್ಲ. ಎಲ್ಲಕ್ಕೂ ಅವನು ಮಂಡಿಯೂರಿದ, ಕಿವಿ ಕೊಟ್ಟ, ಅದೇ ಮಾತು ಹೇಳಿದ. ಎಲ್ಲವೂ ಲಿಖಿತಾಳ ವರ್ಕ್‌ಶಾಪಿಗೆ ಹೋಗಿ ಸರಿಯಾಗಿ ಬಂದವು. ಹತ್ತನೆಯ ಗಾಡಿಯ ಹೊತ್ತಿಗೆ ಕೂಸಪ್ಪ ‘ನನಗೇನೂ ಬರುವುದಿಲ್ಲ’ ಎಂದು ಹೇಳುವುದನ್ನು ನಿಲ್ಲಿಸಿದ. ಹನ್ನೆರಡನೆಯದರ ಹೊತ್ತಿಗೆ, ಟ್ಯಾಂಕಿನೊಳಗೆ ಏನೋ ಗುಸುಗುಸು ನಿಜವಾಗಿಯೂ ಕೇಳುತ್ತದೆ ಎಂದು ಅವನಿಗೇ ಅನ್ನಿಸತೊಡಗಿತು.

ಕೂಸಪ್ಪನಿಗೆ ಗೊತ್ತಿಲ್ಲದ ಒಂದು ವಿಷಯವನ್ನು ಓದುವವರಿಗೆ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಿದ್ದಣ್ಣನ ಗಾಡಿಯ ಫಿಲ್ಟರಿನಲ್ಲಿ ಅರ್ಧ ಲೋಟ ನೀರಿತ್ತು. ಕಸದ ಗಾಡಿಯ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು. ಒಂದು ಜೀಪಿನ ಪೈಪನ್ನು ಇಲಿ ಕಡಿದಿತ್ತು. ಟ್ರ್ಯಾಕ್ಟರಿನಲ್ಲಿ ಡೀಸೆಲೇ ಇರಲಿಲ್ಲ. ಲಿಖಿತಾ ಇದನ್ನೆಲ್ಲ ಹುಡುಕಿ ಸರಿಮಾಡಿ, ಗಾಡಿ ಕೊಡುವಾಗ ಗಂಭೀರವಾಗಿ ಒಂದು ಮಾತು ಹೇಳುತ್ತಿದ್ದಳು: ರೈಟರ್ ಮಾವ ಹೇಳಿದ ಮೇಲೆ ಮುಗೀತು. ಇದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವಳ ಮುಖದ ಮೇಲೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಕುಕ್ಕರು ಹಾಗೇ ಇತ್ತು. ಊರಿನ ಗಾಡಿಗಳಿಗೆಲ್ಲ ಕಿವಿ ಕೊಡುತ್ತೀರಿ, ಇದಕ್ಕೂ ಒಂದು ಸಲ ಕೊಡಿ ಎಂದು ಮುದ್ದಮ್ಮ ಒಲೆಯ ಮುಂದೆ ಅವನನ್ನು ನಿಲ್ಲಿಸಿದಳು. ಕೂಸಪ್ಪ ಕಿವಿ ಸುಟ್ಟುಕೊಳ್ಳದಷ್ಟು ದೂರದಿಂದ ಆಲಿಸಿ, ರೆಗ್ಯುಲೇಟರ್ ಹೋಗಿದೆ ಎಂದ. ಹೊಸದು ತಂದು ಹಾಕಿದರೂ ಆವಿ ಪಕ್ಕದಿಂದಲೇ ಹೋಯಿತು. ಅವನು ಕಣಕ್ಕೆ ಹೋದ ಮೇಲೆ ಮುದ್ದಮ್ಮ ಮುಚ್ಚಳದ ಹಳೆಯ ರಬ್ಬರ್ ಕಿತ್ತು ಬೇರೆ ರಬ್ಬರ್ ಹಾಕಿದಳು. ಮಧ್ಯಾಹ್ನ ಊಟಕ್ಕೆ ಬಂದವನಿಗೆ ಅಂಗಳದಲ್ಲೇ ವಿಶಲ್ ಕೇಳಿಸಿತು. ನಾನು ಹೇಳಿರಲಿಲ್ಲವೇ ಎಂದು ಕೇಳಿದ. ಹೇಳಿದ್ದಿರಿ ಎಂದು ಅವಳು ಅನ್ನ ಬಡಿಸಿದಳು.

ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಕೂಸಪ್ಪ ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂದು ನಿಂತಿತು. ಇಳಿದವರು ರೇಂಜರ್ ಚೇತನ್‌ಕುಮಾರ್. ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದಂಥ ಮಾತು. ತೋಟಗಳಲ್ಲಿ ಸುತ್ತುತ್ತಿದ್ದ ಕಾಡಾನೆಗಳನ್ನು ಅಟ್ಟುವುದಕ್ಕೆ ದುಬಾರೆಯಿಂದ ಗೌರಿ ಎಂಬ ಸಾಕಾನೆಯನ್ನು ತರಿಸಿದ್ದರಂತೆ. ಕೆಲಸ ಮುಗಿದು, ಕಂಟ್ರಾಕ್ಟರೊಬ್ಬರ ಬಾಡಿಗೆ ಲಾರಿಯಲ್ಲಿ ಅವಳನ್ನು ವಾಪಸ್ ಕಳಿಸುವಾಗ ಚೆಟ್ಟಳ್ಳಿಯ ಏರಿನಲ್ಲಿ ಲಾರಿ ನಿಂತಿದೆಯಂತೆ. ಆನೆ ಮೇಲಿದೆ. ಇಳಿಸಬೇಕೆಂದರೆ ಲಾರಿಯ ಎತ್ತರಕ್ಕೆ ಸರಿಯಾದ ದಿಣ್ಣೆ ಬೇಕು, ಅದು ಏರಿನಲ್ಲಿ ಇಲ್ಲ. ಹಿಂದೆ ಮುಂದೆ ಗಾಡಿಗಳು ಸಾಲುಗಟ್ಟಿವೆ. ತಾವು ದಯಮಾಡಿ ಬರಬೇಕು ಎಂದರು. ಅಶೋಕರು ಹೆಮ್ಮೆಯಿಂದ ಕೂಸಪ್ಪನ ಬೆನ್ನು ತಟ್ಟಿದರು. ಬೀರ ಯಾರೂ ಕರೆಯದಿದ್ದರೂ ಟೂಲ್ ಬಾಕ್ಸ್ ಹಿಡಿದು ಜೀಪಿನ ಹಿಂದೆ ಹತ್ತಿ ಕೂತ.

ಹೋಗಿ ನೋಡಿದರೆ ರಸ್ತೆಯ ತುಂಬ ಜನ. ಕಾಫಿ ಕೊಯ್ಯಲು ಹೊರಟವರು, ಜೀಪಿನವರು, ಫೋನು ಎತ್ತಿ ಹಿಡಿದ ಪ್ರವಾಸಿಗರು. ಲಾರಿಯ ಚಕ್ರಗಳ ಹಿಂದೆ ಕಲ್ಲು ಕೊಟ್ಟಿದ್ದರು. ಮೇಲೆ ದಪ್ಪ ಮರದ ಅಡ್ಡಪಟ್ಟಿಗಳ ನಡುವೆ ಗೌರಿ ಕಿವಿ ಬೀಸುತ್ತಾ ನಿಂತಿದ್ದಳು. ಚಿಕ್ಕ ಎಂಬ ಮಾವುತ ಅವಳ ಕಾಲಿನ ಹತ್ತಿರವೇ ನಿಂತು ಏನೋ ಹೇಳಿ ಸಮಾಧಾನ ಮಾಡುತ್ತಿದ್ದ. ಕೂಸಪ್ಪ ಜೀಪಿನಿಂದ ಇಳಿದ ಕೂಡಲೇ ಜನ ದಾರಿ ಬಿಟ್ಟರು. ಅವನು ಮಂಡಿಯೂರಿ ಟ್ಯಾಂಕಿಗೆ ಕಿವಿ ಕೊಟ್ಟ, ಎಂದಿಗಿಂತ ಹೆಚ್ಚು ಹೊತ್ತು ಕೊಟ್ಟ. ಸರಕಾರದ ಕೆಲಸವಲ್ಲವೇ. ಎದ್ದು, ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಎಂದ. ಡ್ರೈವರು ಯಾವುದಕ್ಕೂ ಇರಲಿ ಎಂದು ಒಂದು ಸೆಲ್ಫ್ ಹೊಡೆದ. ಎಂಜಿನ್ನು ಸ್ಟಾರ್ಟ್ ಆಯಿತು.

ಕೇವಲ ರೋಗದ ಹೆಸರು ಹೇಳಿದ್ದಕ್ಕೇ ರೋಗ ಗುಣವಾದದ್ದನ್ನು ಜನ ಅಂದೇ ನೋಡಿದ್ದು. ಒಬ್ಬ ಮುದುಕಿ ಕೈ ಮುಗಿದಳು. ಲಾರಿ ಹೊರಟಿತು, ಇನ್ನೂರು ಹೆಜ್ಜೆ ಹೋಯಿತು, ಕೆಮ್ಮಿತು, ನಿಂತಿತು.

ಕೂಸಪ್ಪ ನಡೆದುಕೊಂಡು ಹೋಗಿ ಮತ್ತೆ ಕಿವಿ ಕೊಟ್ಟ. ಐದು ನಿಮಿಷದ ಮೇಲೆ ಲಾರಿ ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಇನ್ನೂರು ಹೆಜ್ಜೆಗೆ ನಿಂತಿತು. ಮೂರನೆಯ ಸಲ ರೇಂಜರ್ ಅವನಿಗೆ ಕ್ಯಾಬಿನ್ನಿನಲ್ಲೇ ಸೀಟು ಕೊಡಿಸಿದರು. ಹೆರಿಗೆಯ ಮನೆಗೆ ನರ್ಸಮ್ಮನನ್ನು ಕರೆದುಕೊಂಡು ಹೋಗುವ ಹಾಗೆ ಕೂಸಪ್ಪನನ್ನು ಕೂರಿಸಿಕೊಂಡು ಲಾರಿ ತುಂಡು ತುಂಡಾಗಿ ಮುಂದುವರಿಯಿತು. ಜನ ಹಿಂದೆಯೇ ನಡೆದರು. ಪ್ರತಿ ಸಲ ನಿಂತಾಗಲೂ ಲಾರಿ ಕುಲುಕುತ್ತಿತ್ತು, ಗೌರಿ ತೂಗುತ್ತಿದ್ದಳು, ಪಟ್ಟಿಗಳು ಕಿರ್ರೆನ್ನುತ್ತಿದ್ದವು. ನಾಲ್ಕನೆಯ ಸಲ ಮಾವುತ ಚಿಕ್ಕ ಕೆಳಗಿಳಿದು ರೇಂಜರಿನ ಹತ್ತಿರ ಬಂದ.

"ಇನ್ನು ಎರಡು ಸಲ ಹಿಂಗೆ ಕುಲುಕಿದ್ರೆ ಅವಳು ಪಟ್ಟಿ ಮುರಿತಾಳೆ ಸಾರ್. ಇಳಿಜಾರಲ್ಲಿ ಲಾರಿ ಮಗುಚಿದ್ರೆ ಅವಳ ಕಾಲು ಉಳಿಯಲ್ಲ."

ರೇಂಜರಿನ ಇಸ್ತ್ರಿ ಅಲ್ಲಿಗೆ ಮುದುಡಿತು. ಅವರು ಕೂಸಪ್ಪನ ಕಡೆ ತಿರುಗಿ, ರೆಗ್ಯುಲೇಟರ್ ಹೋಗಿದೆ ಎಂದು ತಾವು ನಾಲ್ಕು ಸಲ ಹೇಳಿದಿರಿ, ಹಾಗಾದರೆ ಅದನ್ನು ಬಿಚ್ಚಿ ಸರಿಮಾಡಬಹುದಲ್ಲ ಎಂದು ಕೇಳಿದರು. ಪ್ರಶ್ನೆ ಎಷ್ಟು ನ್ಯಾಯವಾಗಿತ್ತೆಂದರೆ ಸುತ್ತಲಿನ ಜನವೆಲ್ಲ ಹೌದಲ್ಲ ಎಂದರು. ಕೂಸಪ್ಪ ಒಂದು ಸಿಲ್ವರ್ ಓಕ್ ಮರದ ಹಿಂದೆ ಹೋಗಿ ಲಿಖಿತಾಳಿಗೆ ಫೋನು ಮಾಡಿದ. ಅವಳು ಹಾರಂಗಿಯ ಕಡೆ ಒಂದು ಜೀಪಿನ ಅಡಿಯಲ್ಲಿದ್ದಳು. ಬರಲು ಮುಕ್ಕಾಲು ಗಂಟೆಯಾದರೂ ಬೇಕು ಎಂದಳು. ತಾನು ಕಾಯಿಲೆ ಕಂಡುಹಿಡಿದಾಗಿದೆ, ಬಿಚ್ಚುವುದೊಂದೇ ಬಾಕಿ ಎಂದು ಕೂಸಪ್ಪ ತಿಳಿಸಿದ. ಆ ಕಡೆ ಸ್ಪ್ಯಾನರ್ ಕೆಳಗೆ ಬಿದ್ದ ಸದ್ದಾಯಿತು.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಬರೋವರೆಗೆ ಯಾವುದಕ್ಕೂ ಕೈ ಹಾಕ್ಬೇಡಿ."

ಅವನು ಹಾಕುತ್ತಿರಲಿಲ್ಲ. ಆದರೆ ಮರದ ಹಿಂದಿನಿಂದ ಈಚೆ ಬಂದರೆ ಬೀರ ಟೂಲ್ ಬಾಕ್ಸ್ ತೆರೆದು, ಸ್ಪ್ಯಾನರುಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿ ಕೂತಿದ್ದ. ಕ್ಯಾಬಿನ್ ಎತ್ತಿದ್ದರು. ಜನ ಸುತ್ತ ಕೂತಿದ್ದರು. ಹಿಂದಿನವರಿಗೆ ಕಾಣಲಿ ಎಂದು ಮುಂದಿನವರು ತಲೆ ತಗ್ಗಿಸಿದ್ದರು. ಅಷ್ಟು ಸಿದ್ಧತೆಯಾದ ಮೇಲೆ ಮದುಮಗ ಓಡಿಹೋಗುವುದು ಹೇಗೆ?

ಹನ್ನೊಂದು ನಿಮಿಷದ ವೀಡಿಯೋವನ್ನು ಕೂಸಪ್ಪ ಕಣ್ಣಿಗೆ ತಂದುಕೊಂಡ. ಆ ಸಾಮಾನು ಸಿಕ್ಕಿದ್ದೇ ಒಂದು ಪುಣ್ಯ. ವೈರಿನ ಕನೆಕ್ಟರ್ ಕಿತ್ತ, ಅದರ ಕಿವಿ ಒಂದು ಮುರಿಯಿತು. ಸ್ಕ್ರೂ ಬಿಚ್ಚಿದ. ಎಂಜಿನ್ನು ನಿಂತು ಹೊತ್ತಾಗಿದ್ದರಿಂದ ಒಳಗೆ ಒತ್ತಡ ಇರಲಿಲ್ಲ, ಇದ್ದಿದ್ದರೆ ಅವನ ಮುಖಕ್ಕೆ ಏನಾಗುತ್ತಿತ್ತೋ ದೇವರೇ ಬಲ್ಲ. ಆದರೂ ಒಂದಿಷ್ಟು ಡೀಸೆಲು ಅವನ ಅಂಗಿಯ ಮೇಲೆ ಇಳಿಯಿತು. ಕೊನೆಗೆ ಹೆಬ್ಬೆರಳಿನಷ್ಟು ದಪ್ಪದ ಆ ಸಾಮಾನು ಅವನ ಕೈಗೆ ಬಂತು. ವೀಡಿಯೋದ ಮನುಷ್ಯ ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿದ್ದ. ಕೂಸಪ್ಪನೂ ಲಾರಿಯ ಬದಿಗೆ ಬಂದು, ಅದಕ್ಕೆ ಬೆನ್ನು ಹಾಕಿ ನಿಂತು ಜನರಿಗೆ ಎತ್ತಿ ತೋರಿಸಿದ.

ಮೇಲಿನಿಂದ ಒಂದು ಸೊಂಡಿಲು ಇಳಿದು ಬಂದು, ಬಹಳ ಮರ್ಯಾದೆಯಿಂದ, ಅದನ್ನು ಅವನ ಬೆರಳುಗಳ ನಡುವಿನಿಂದ ತೆಗೆದುಕೊಂಡು ಹೋಯಿತು.

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೌರಿ ಅದನ್ನು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಸೊಂಡಿಲಿನ ತುದಿಯಲ್ಲಿ ಸುತ್ತಿ ಹಿಡಿದು, ಇದು ನನ್ನದೇ ಎಂಬ ಹಾಗೆ ತೂಗತೊಡಗಿದಳು. ಇದನ್ನು ವರದಿಯಲ್ಲಿ ಹೇಗೆ ಬರೆಯುವುದು ಎಂದು ರೇಂಜರ್ ಬೆವರಿದರು. ಖಾಸಗಿ ವಾಹನದ ಬಿಡಿಭಾಗವನ್ನು ಇಲಾಖೆಯ ಆನೆ ವಶಪಡಿಸಿಕೊಂಡಿದೆ ಎನ್ನುವುದಕ್ಕೆ ಯಾವ ನಮೂನೆಯ ಫಾರಂ? ಮಾವುತ ಬೆಲ್ಲದ ಉಂಡೆ ತೋರಿಸಿದ. ಅವಳು ಬೆಲ್ಲ ತೆಗೆದುಕೊಂಡು ಬಾಯಿಗೆ ಹಾಕಿ, ಸಾಮಾನನ್ನು ಮತ್ತೆ ಸುತ್ತಿ ಹಿಡಿದಳು. ಹೀಗೆ ನಾಲ್ಕು ಉಂಡೆ ಮುಗಿಯಿತು. ಒಂದು ಲಾಭವೂ ಆಯಿತು. ಕೈಗೊಂದು ಆಟದ ಸಾಮಾನು ಸಿಕ್ಕಿದ್ದರಿಂದ ಗೌರಿ ಅಲುಗುವುದನ್ನು ನಿಲ್ಲಿಸಿ ಶಾಂತವಾಗಿ ನಿಂತಳು. ಚಿಕ್ಕ ಇದನ್ನು ಗಮನಿಸಿ ಐದನೆಯ ಉಂಡೆ ತೋರಿಸದೆ ಸುಮ್ಮನಾದ.

ಲಿಖಿತಾಳ ಬೈಕು ಬಂದಾಗ ಕೂಸಪ್ಪ ರಸ್ತೆಯ ಬದಿಯ ಕಲ್ಲಿನ ಮೇಲೆ ಡೀಸೆಲು ಮೆತ್ತಿದ ಅಂಗಿಯಲ್ಲಿ ಕೂತಿದ್ದ. ಅವಳು ಅವನನ್ನು ನೋಡಿದಳು, ಎತ್ತಿದ ಕ್ಯಾಬಿನ್ ನೋಡಿದಳು, ಆನೆಯನ್ನು ನೋಡಿದಳು. ಬೈಯಲಿಲ್ಲ. ನೇರವಾಗಿ ಡ್ರೈವರಿನ ಹತ್ತಿರ ಹೋಗಿ, ನಿಂತದ್ದು ಹೇಗೆ ಎಂದು ಕೇಳಿದಳು. ಇಷ್ಟು ಹೊತ್ತಿನಲ್ಲಿ ಆ ಡ್ರೈವರನ್ನು ಯಾರೂ ಏನೂ ಕೇಳಿರಲಿಲ್ಲ. ಅವನು ಸಂತೋಷದಿಂದ ಎಲ್ಲ ಹೇಳಿದ. ಸ್ವಲ್ಪ ಓಡುತ್ತದೆ, ಆಮೇಲೆ ಯಾರೋ ಕತ್ತು ಹಿಡಿದ ಹಾಗೆ ನಿಲ್ಲುತ್ತದೆ, ಐದು ನಿಮಿಷ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತದೆ, ಮೂರು ದಿನದಿಂದ ಹೀಗೇ. ಲಿಖಿತಾ ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚು ಬಿಟ್ಟು ನೋಡಿದಳು. ಒಂದು ಉದ್ದ ತಂತಿಯ ತುದಿ ಬಗ್ಗಿಸಿ ಒಳಗೆ ಬಿಟ್ಟು, ಬಾವಿಯಿಂದ ಕೊಡ ತೆಗೆಯುವವರ ಹಾಗೆ ತಡಕಿದಳು. ತಂತಿಗೆ ಏನೋ ಸಿಕ್ಕಿತು. ಎಳೆದಳು. ಡೀಸೆಲು ಸುರಿಸುತ್ತಾ ಹೊರಗೆ ಬಂದದ್ದು ಒಂದು ಬನಿಯನ್.

ಎರಡು ತೋಳಿನ ತೂತೂ ಸರಿಯಾಗಿಯೇ ಇದ್ದ ಬನಿಯನ್. ಡ್ರೈವರು ಅದನ್ನು ಗುರುತು ಹಿಡಿದ. ಟ್ಯಾಂಕಿನ ಮುಚ್ಚಳ ಕಳೆದುಹೋದಾಗ ಬಾಯಿಗೆ ಅದನ್ನೇ ತುರುಕಿದ್ದನಂತೆ. ಹೊಸ ಮುಚ್ಚಳ ಹಾಕುವಾಗ ಬನಿಯನ್ ಎಲ್ಲಿ ಹೋಯಿತೆಂದು ಯೋಚಿಸಲಿಲ್ಲವಂತೆ. ಅದು ಒಳಗೆ ತೇಲುತ್ತಾ ಹೋಗಿ ಡೀಸೆಲು ಎಳೆಯುವ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು, ಎಂಜಿನ್ನು ನಿಂತು ಎಳೆತ ನಿಂತಾಗ ಕಳಚಿಕೊಳ್ಳುತ್ತಿತ್ತು. ಅಷ್ಟೇ ರೋಗ. ರೆಗ್ಯುಲೇಟರಿಗೆ ಏನೂ ಆಗಿರಲಿಲ್ಲ, ಆನೆಯ ಕೈಗೆ ಹೋಗುವವರೆಗೆ.

ಗೌರಿಯೂ ಅಷ್ಟರಲ್ಲಿ ಬೇಸರ ಬಂದು ಅದನ್ನು ಕೈಬಿಟ್ಟಳು, ಅದು ಕೆಳಗೆ ಬೀಳದ ಹಾಗೆ ಚಿಕ್ಕ ಹಿಡಿದ. ಲಿಖಿತಾ ಅದನ್ನು ತೊಳೆದು ಒರೆಸಿ ಬೆಳಕಿಗೆ ಹಿಡಿದು ಪರೀಕ್ಷಿಸಿದಳು, ತನ್ನ ಡಬ್ಬಿಯಿಂದ ಹೊಸ ರಬ್ಬರ್ ರಿಂಗು ಹಾಕಿ ಕೂರಿಸಿದಳು, ಮುರಿದ ಕನೆಕ್ಟರನ್ನು ಗಟ್ಟಿಯಾಗಿ ಕಟ್ಟಿದಳು, ಪೈಪಿನ ಗಾಳಿ ತೆಗೆದಳು. ಎಂಜಿನ್ನು ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ಜನ ಲಾರಿಯನ್ನು ನೋಡಲಿಲ್ಲ, ಕೂಸಪ್ಪನನ್ನು ನೋಡಿದರು. ಲಿಖಿತಾ ಅಭ್ಯಾಸಬಲದಿಂದ, ಮಾವ ಹೇಳಿದ ಮೇಲೆ ಎಂದು ಶುರು ಮಾಡಿದಳು. ಆದರೆ ಅವಳ ಎಡಗೈಯಲ್ಲಿ ಬನಿಯನ್ ಇನ್ನೂ ತೊಟ್ಟಿಕ್ಕುತ್ತಿತ್ತು. ಕೂಸಪ್ಪ ಕಲ್ಲಿನಿಂದ ಎದ್ದ.

"ನಾನು ಹೇಳಿದ್ದು ತಪ್ಪು ಸಾರ್. ನನಗೆ ಗೊತ್ತಿದ್ದದ್ದು ಅದೊಂದೇ ಹೆಸರು."

ರೇಂಜರ್ ಗೌರಿಯ ಕಡೆ ನೋಡಿ, ಹೊರಡುವುದೇ ಮುಖ್ಯವೆಂದು ಜೀಪು ಹತ್ತಿದರು. ಲಾರಿ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಬೀರ ಮಾತ್ರ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಾ, ಪಕ್ಕದವನಿಗೆ ವಿವರಿಸುತ್ತಿದ್ದ. ಆನೆ ಅದನ್ನು ಕಿತ್ತುಕೊಂಡದ್ದು ಸುಮ್ಮನೆ ಅಲ್ಲ, ಸಾಮಾನು ಚೆನ್ನಾಗಿದೆ, ಬಿಚ್ಚಬೇಡಿ ಎಂದು ಅದಕ್ಕೆ ಗೊತ್ತಿತ್ತು. ಆ ಹೊತ್ತಿನಿಂದ ಡೀಸೆಲ್ ಗಾಡಿಗಳ ವಿಷಯದಲ್ಲಿ ಬೀರನ ಭಕ್ತಿ ಗೌರಿಯ ಕಡೆಗೆ ತಿರುಗಿತು.

ಭಾನುವಾರ ಕೂಸಪ್ಪ ಸುಂಟಿಕೊಪ್ಪದ ವರ್ಕ್‌ಶಾಪಿಗೆ ಹೋದ. ತಾನು ಕಳಿಸಿದ ಗಾಡಿಗಳಲ್ಲಿ ಎಷ್ಟಕ್ಕೆ ನಿಜವಾಗಿ ರೆಗ್ಯುಲೇಟರ್ ಹೋಗಿತ್ತು ಎಂದು ಕೇಳಿದ. ಲಿಖಿತಾ ಕೈಯಲ್ಲಿದ್ದ ಕೆಲಸ ಬಿಡದೆಯೇ, ಒಂದಕ್ಕೆ, ಎಸ್ಟೇಟಿನ ಲಾರಿಗೆ ಮಾತ್ರ ಎಂದಳು. ಕೂಸಪ್ಪ ಹಳೆಯ ಟಯರಿನ ಮೇಲೆ ಕೂತ. ಕಸದ ಗಾಡಿ, ಜೀಪು, ಟ್ರ್ಯಾಕ್ಟರು ಎಲ್ಲವೂ ಒಂದೊಂದಾಗಿ ಅವನ ಕಣ್ಣ ಮುಂದೆ ಹೋದವು. ಪಿಡಿಒ ಅವರ ನಮಸ್ಕಾರವೂ ಹೋಯಿತು. ಮೊದಲನೇ ಸಲವೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಲಿಖಿತಾ ಸ್ಪ್ಯಾನರ್ ಕೆಳಗಿಟ್ಟಳು.

"ಅಪ್ಪ ಹೋದ ಮೇಲೆ ಆರು ತಿಂಗಳು ಇಲ್ಲಿಗೆ ಯಾರೂ ಗಾಡಿ ತಂದಿರಲಿಲ್ಲ ಮಾವ. ಹುಡುಗಿಗೆ ಏನು ಬರುತ್ತೆ ಅಂತ ಗೇಟಿಂದಲೇ ಹೋಗ್ತಿದ್ರು. ನೀವು ಕಳಿಸಿದ್ರಿ ಅಂತ ಒಳಗೆ ಬಂದ್ರು. ಈಗ ನನ್ನ ಹೆಸರು ಹೇಳ್ಕೊಂಡು ಬರ್ತಾರೆ. ನೀವು ತಪ್ಪು ಅಂತ ನಾನು ಹೆಂಗೆ ಹೇಳಲಿ?"

ಕೂಸಪ್ಪನಿಗೆ ಕೋಪ ಮಾಡಿಕೊಳ್ಳುವುದಕ್ಕೆ ಒಂದು ಜಾಗವೂ ಸಿಗಲಿಲ್ಲ. ಆಮೇಲೆ ಎದ್ದು, ಐವತ್ತಮೂರನೆಯ ವಯಸ್ಸಿನಲ್ಲಿ ಈ ಕೆಲಸ ತಲೆಗೆ ಹತ್ತುತ್ತದೆಯೇ ಎಂದು ಕೇಳಿದ. ಅವಳು ಒಂದು ಹಳೆಯ ಕೋಟು ಕೊಟ್ಟು, ಮೊದಲು ಅಂಗಿ ಉಳಿಸಿಕೊಳ್ಳುವುದನ್ನು ಕಲಿಯಿರಿ ಎಂದಳು.

ಭಾನುವಾರ ಭಾನುವಾರ ಅವನು ಹೋದ. ರೈಟರ್ ಅಲ್ಲವೇ, ಆದ್ದರಿಂದ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಮೊದಲು ಡ್ರೈವರನ್ನು ಕೇಳು. ಆಮೇಲೆ ಟ್ಯಾಂಕಿನಲ್ಲಿ ಡೀಸೆಲು ಇದೆಯೇ ನೋಡು. ಆಮೇಲೆ ಫಿಲ್ಟರಿನ ನೀರು, ಪೈಪಿನ ಗಾಳಿ, ವಾಪಸ್ ಹೋಗುವ ಡೀಸೆಲಿನ ಅಳತೆ, ಸ್ಕ್ಯಾನರಿನ ಅಂಕಿ. ಇಷ್ಟೂ ನೋಡಿ ಬೇರೆ ರೋಗ ಯಾವುದೂ ಸಿಗದಿದ್ದರೆ ಮಾತ್ರ ರೆಗ್ಯುಲೇಟರಿನ ಹೆಸರು ಎತ್ತು. ತನಗೆ ಮೊದಲು ಗೊತ್ತಿದ್ದ ಮಾತು ಪಟ್ಟಿಯ ಕೊನೆಯಲ್ಲಿ ಬಂದದ್ದು ಅವನಿಗೆ ಸ್ವಲ್ಪ ನೋವು ಮಾಡಿತು. ಆದರೂ ಕಲಿತ. ಕೈಯ ಗಂಟುಗಳಲ್ಲಿ ಕಪ್ಪು ಹೋಗದ ಹಾಗೆ ಕೂತಿತು. ಮುದ್ದಮ್ಮ ಸೋಪಿನ ಪುಡಿ ಬೇರೆಯಾಗಿ ತೆಗೆದಿಟ್ಟಳು.

ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾದ ಏಪ್ರಿಲಿನಲ್ಲಿ ಸಿದ್ದಣ್ಣನ ಗಾಡಿ ಮತ್ತೆ ಕೆಟ್ಟಿತು. ಭಾನುವಾರವಾದ್ದರಿಂದ ವರ್ಕ್‌ಶಾಪಿನಲ್ಲೇ ಕೂಸಪ್ಪ ಸಿಕ್ಕಿದ. ಬನಿಯನ್ನಿನ ಕಥೆಯನ್ನು ಸಿದ್ದಣ್ಣ ಕೇಳಿದ್ದ, ಆದರೆ ನಂಬಿರಲಿಲ್ಲ. ಗಾಡಿ ನಿಲ್ಲಿಸಿ, ಟ್ಯಾಂಕಿನ ಹತ್ತಿರ ತಾನೇ ಜಾಗ ಗುಡಿಸಿ, ಕೂರಿ ರೈಟ್ರೇ ಎಂದ. ಕೂಸಪ್ಪ ಕೂರಲಿಲ್ಲ. ಯಾವಾಗಿನಿಂದ, ಏರಿನಲ್ಲೋ ಸಮದಲ್ಲೋ, ಹೊಗೆ ಯಾವ ಬಣ್ಣ ಎಂದು ಒಂದೊಂದಾಗಿ ಕೇಳಿದ. ಫಿಲ್ಟರ್ ಬಿಚ್ಚಿದ, ನೀರಿರಲಿಲ್ಲ. ಪೈಪು ನೋಡಿದ, ಗಾಳಿಯಿರಲಿಲ್ಲ. ಬಾಟಲಿ ಇಟ್ಟು ಸೆಲ್ಫ್ ಹೊಡೆಸಿ ಅಳೆದ. ಸ್ಕ್ಯಾನರ್ ಹಾಕಿ ಕನ್ನಡಕ ಏರಿಸಿ ಅಂಕಿ ಓದಿದ. ಲಿಖಿತಾ ದೂರದಲ್ಲಿ ನಿಂತು ನೋಡುತ್ತಿದ್ದಳು. ಒಂದೂವರೆ ಗಂಟೆಯ ಮೇಲೆ ಕೂಸಪ್ಪ ಬೆನ್ನು ನೆಟ್ಟಗೆ ಮಾಡಿ, ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಎಂದ. ಈ ಸಲ ಅದು ನಿಜವಾಗಿತ್ತು. ಸುತ್ತಲಿನ ಧೂಳು ಒರೆಸಿ, ಒತ್ತಡ ಇಳಿಸಿ, ಹಳೆಯದನ್ನು ಬಿಚ್ಚಿ, ಹೊಸ ರಿಂಗಿಗೆ ಒಂದು ತೊಟ್ಟು ಡೀಸೆಲು ಸವರಿ, ಹೊಸದನ್ನು ತನ್ನ ಕೈಯಾರೆ ಕೂರಿಸಿದ. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ತಾನೇ ಓಡಿಸಿಕೊಂಡು ಹೋಗಿ ಏರು ಹತ್ತಿಸಿ ಇಳಿಸಿಕೊಂಡು ಬಂದ. ಇಪ್ಪತ್ತಾರು ವರ್ಷದಲ್ಲಿ ಕೂಸಪ್ಪನ ಮುಖ ಅಷ್ಟು ಬೆಳಗಿದ್ದನ್ನು ಯಾರೂ ನೋಡಿರಲಾರರು.

ಸಿದ್ದಣ್ಣನ ಮುಖ ಮಾತ್ರ ಸಪ್ಪಗಿತ್ತು. ಗಾಡಿ ಸರಿಯಾಗಿದೆ, ಇಲ್ಲವೆನ್ನುವ ಹಾಗಿಲ್ಲ. ಥ್ಯಾಂಕ್ಸ್ ಹೇಳಿದ, ಹತ್ತಿದ, ಗೇಟಿನವರೆಗೆ ಹೋದ. ಅಲ್ಲಿ ಎದುರಿಗೆ ಬಂದ ಇನ್ನೊಂದು ಶುಂಠಿ ಲಾರಿಯವನು ಗಾಡಿ ನಿಧಾನ ಮಾಡಿ, ಕಿವಿ ಕೊಡುವ ರೈಟರು ಇಲ್ಲೇ ಸಿಗುತ್ತಾರಾ ಎಂದು ಕೇಳಿದ. ಸಿದ್ದಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ದನಿ ತಗ್ಗಿಸಿದೆನೆಂದುಕೊಂಡು ಇಡೀ ಸುಂಟಿಕೊಪ್ಪಕ್ಕೆ ಕೇಳುವ ಹಾಗೆ ಹೇಳಿದ:

"ಅವರು ಈಗ ಮೊದಲಿನ ಹಂಗಿಲ್ಲ ಕಣಣ್ಣ. ಬಾಟ್ಲಿ ಇಡ್ತಾರೆ, ಮಿಷನ್ ಹಾಕ್ತಾರೆ, ಪುಸ್ತಕ ನೋಡ್ತಾರೆ. ಪಾಪ, ಎಂಥ ಕೈಗುಣ ಇತ್ತು. ಕೆಲಸ ಕಲಿತು ಹಾಳಾಗೋದ್ರು."